ಕೊನೆಯ ಕಂತು ಮತ್ತು ಸೋಮವಾರದ ಒಪ್ಪತ್ತು

ಆ ಸಿನಿಮಾ ಚೆನ್ನಾಗಿಲ್ಲ ಎಂದು ಊರೆಲ್ಲ ಹೇಳಿತು. ಪೇಪರಿನವರು ಬರೆದರು, ಮೊಬೈಲಿನಲ್ಲಿ ಕೂತು ಮಾತಾಡುವವರು ಮಾತಾಡಿದರು. ಬಿಡುಗಡೆಯಾದ ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಎಂ.ಕಾಂ. ಓದುತ್ತಿರುವ ನನ್ನ ಮಗಳು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಒಂದೊಂದಾಗಿ ಓದಿ ಹೇಳಿದಳು. ಒಬ್ಬರು ಐದಕ್ಕೆ ಒಂದೂವರೆ ನಕ್ಷತ್ರ ಕೊಟ್ಟಿದ್ದರು. ಇನ್ನೊಬ್ಬರು, ಇಷ್ಟು ಒಳ್ಳೆಯ ಪತ್ತೇದಾರಿ ಕಾದಂಬರಿಯನ್ನು ಇಷ್ಟು ಕೆಟ್ಟದಾಗಿ ತೆಗೆಯುವುದಕ್ಕೂ ಪ್ರತಿಭೆ ಬೇಕು ಎಂದಿದ್ದರು.

“ಆ ಅರ್ಧ ನಕ್ಷತ್ರ ಯಾತಕ್ಕಂತೆ?” ಎಂದು ನಮ್ಮ ಅತ್ತೆ ಕೇಳಿದರು. ಅವರ ಬಲಗಣ್ಣಿನ ಪೊರೆ ತೆಗೆಸಿ ಆವತ್ತಿಗೆ ಆರು ದಿನ. ಆಸ್ಪತ್ರೆಯವರು ಕೊಟ್ಟ ದಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಮನೆಗೆ ಬಂದ ದೊಡ್ಡ ಅಧಿಕಾರಿಯ ಹಾಗೆ ಕುರ್ಚಿಯಲ್ಲಿ ಕೂತಿದ್ದರು.

“ಕ್ಯಾಮೆರಾ ಪರವಾಗಿಲ್ವಂತೆ ಅಜ್ಜಿ.”

“ಅಷ್ಟು ಸಾಕು ಬುಡು. ನನಗೆ ಈಗ ಬೇಕಾಗಿರೋದು ನೋಡೋದು ತಾನೆ.”

ಮಗಳು ನಕ್ಕು ಮುಂದಕ್ಕೆ ಓದಿದಳು. “ಇದು ಕೇಳಿ ಅಜ್ಜಿ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದ್ರೆ, ಕೊನೆಯಲ್ಲಿ...”

ಅತ್ತೆ ಅಂಗೈ ಎತ್ತಿ ತಡೆದರು. “ಕೊನೆ ಸುದ್ದಿ ಎತ್ತಬೇಡ. ಈ ಮನೇಲಿ ಯಾರೂ ಕೊನೆ ಹೇಳಕೂಡದು. ಮೊದಲು ನಾನು ನೋಡ್ಬೇಕು.”

ನನಗೆ ಅದೇ ವಿಚಿತ್ರ ಅನ್ನಿಸಿತು. ಆ ಕಾದಂಬರಿಯ ಕೊನೆಯನ್ನು ಇಪ್ಪತ್ತೆಂಟು ವರ್ಷದ ಹಿಂದೆ ನನಗೆ ಹೇಳಿದವರೇ ಅವರು. ಗೊತ್ತಿರುವ ಕೊನೆಯನ್ನು ಕೇಳುವುದಕ್ಕೆ ಭಯ ಏಕೆ? ಕೇಳೋಣವೆಂದುಕೊಂಡೆ, ಅಷ್ಟರಲ್ಲಿ ಕುಕ್ಕರ್ ಕೂಗಿತು.

ಆ ಪುಸ್ತಕದ ವಿಷಯ ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಬಂದಾಗ ಈ ಸಂಸಾರ ಮೇಟಗಳ್ಳಿಯ ಬಾಡಿಗೆ ಮನೆಯಲ್ಲಿತ್ತು. ಮಾವನವರು ಅಲ್ಲೇ ಕಾರ್ಖಾನೆಯಲ್ಲಿದ್ದರು. ಮನೆಯಲ್ಲಿದ್ದ ಪುಸ್ತಕಗಳು ಎರಡು ಬಗೆಯವು. ವಚನ ಪುರಾಣದ ಪುಸ್ತಕಗಳು ದೇವರ ಮನೆಯ ಗೂಡಿನಲ್ಲಿ, ಅತ್ತೆ ಹೊಲಿದ ಪುಸ್ತಕಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ. ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಅವರು ವಾರವಾರವೂ ಬಿಡಿಸಿ ಎತ್ತಿಡುತ್ತಿದ್ದರು. ಕಥೆ ಮುಗಿದ ಮೇಲೆ ದಬ್ಬಳದಿಂದ ತೂತು ಹಾಕಿ, ದಾರದಿಂದ ಹೊಲಿದು, ಮೈದಾ ಅಂಟಿನಲ್ಲಿ ರಟ್ಟು ಅಂಟಿಸಿದರೆ ಪುಸ್ತಕವಾಯಿತು. ಆ ರಟ್ಟಾದರೂ ಯಾರದೋ ಮದುವೆಯ ಕರೆಯೋಲೆಯದು. ಕೊಲೆ ರಹಸ್ಯದ ಪುಸ್ತಕದ ಮೇಲೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಇರುತ್ತಿತ್ತು.

ಹೊಸ ಸೊಸೆ ನಾನು. ಅತ್ತೆಯ ಹತ್ತಿರ ಉಪ್ಪು ಎಷ್ಟು, ನೀರು ಎಷ್ಟು ಎನ್ನುವುದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೇ ಟ್ರಂಕು ಇಳಿಸಿ ಈ ಕಾದಂಬರಿಯನ್ನು ಕೈಗಿಟ್ಟು, “ಓದೋಕೆ ಬರುತ್ತೆ ತಾನೆ?” ಎಂದರು. ನಾನು ಪಿಯುಸಿ ಪಾಸು. ಅದು ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

ಕಥೆ ಮೈಸೂರಿನದೇ. ಅಕ್ಕಿ ಮಂಡಿಯ ಯಜಮಾನ ಒಬ್ಬ, ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ತನ್ನ ತೊಟ್ಟಿಮನೆಯ ನಡುವಿನ ತೊಟ್ಟಿಯಲ್ಲಿ ಸತ್ತು ಬಿದ್ದಿರುತ್ತಾನೆ. ವಿಷ. ಮನೆಯಲ್ಲಿ ಆವತ್ತು ಇದ್ದವರು ಅವನ ವಿಧವೆ ಅಕ್ಕ, ತಮ್ಮನ ಹೆಂಡತಿ, ಆಸ್ತಿಪತ್ರ ಬರೆಯಲು ಬಂದ ಲಾಯರು. “ಮಧ್ಯಾಹ್ನ ನಾನೇ ಕೈಯಾರೆ ಊಟಕ್ಕೆ ಬಡಿಸಿದೆ, ಲಾಯರು ಪಕ್ಕದಲ್ಲೇ ಕೂತಿದ್ದರು, ಪಾಯಸದ ಬಟ್ಟಲನ್ನು ಅವರೇ ಮುಂದಕ್ಕೆ ಸರಿಸಿದರು” ಎಂದು ಅಕ್ಕ ಅಳುತ್ತಾ ಹೇಳುತ್ತಾಳೆ. ಪತ್ತೇದಾರ ಬರುತ್ತಾನೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಯಾರ್ಯಾರು ಇದ್ದಾರೆ ಎಂದು ಹೇಳುವ ಆಸಾಮಿ ಅವನು. ಆ ಕಾಲದಲ್ಲಿ ಹೆಂಗಸರೆಲ್ಲ ಅದನ್ನು ಓದಿದ್ದರು. ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ಲಾಯರಾ, ತಮ್ಮನ ಹೆಂಡತಿಯಾ ಎಂದು ಜಗಳವಾಡುತ್ತಿದ್ದರಂತೆ.

ದಿನಾ ಮಧ್ಯಾಹ್ನ ಒಂದು ಕಂತು ಓದುತ್ತಿದ್ದೆ. ಸಂಜೆ ಅತ್ತೆ ಸುಮ್ಮನೆ ಕೇಳಿದ ಹಾಗೆ, “ಎಲ್ಲಿಗೆ ಬಂದೆ? ಯಾರ ಮೇಲೆ ಅನುಮಾನ?” ಎನ್ನುತ್ತಿದ್ದರು. ನಾನು ಹೇಳಿದ್ದಕ್ಕೆಲ್ಲ “ಹೂಂ, ಹೂಂ” ಎಂದು ಸೊಪ್ಪು ಸೋಸುತ್ತಿದ್ದರು. ಅತ್ತೆ ಸೊಸೆ ನಾವು ಒಬ್ಬರಿಗೊಬ್ಬರು ಬೇಕಾದವರಾದದ್ದು ಆ ಸತ್ತ ಯಜಮಾನನಿಂದ. ಇದನ್ನು ನಾನು ದೇವರ ಮುಂದೆಯೂ ಹೇಳಿದ್ದೇನೆ.

ಆಮೇಲೆ ಒಂದು ದಿನ ‘ಮುಂದಿನ ವಾರ ಮುಕ್ತಾಯ’ ಎನ್ನುವಲ್ಲಿಗೆ ಬಂದೆ. ಹಾಳೆ ತಿರುವಿದರೆ ರಟ್ಟು. ಅಡುಗೆಮನೆಗೆ ಓಡಿದೆ. ಅತ್ತೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು.

“ಕೊನೆ ಹಾಳೆ ಹೋಗ್ಬುಟ್ಟಿದೆ ಕಣಮ್ಮ. ಕೂತ್ಕೊ, ನಾನೇ ಹೇಳ್ತೀನಿ,” ಎಂದರು. “ಮೂರನೇ ಕಂತಲ್ಲಿ ಏನು ಬರೆದವ್ನೆ? ಯಜಮಾನ ಇಪ್ಪತ್ತು ವರ್ಷದಿಂದ ಸೋಮವಾರ ಒಪ್ಪತ್ತು ಅಂತ ಬರೆದಿಲ್ವಾ?”

ಹೌದು, ಬರೆದಿತ್ತು. ನಮ್ಮ ಮನೆಯಲ್ಲೂ ಸೋಮವಾರ ಒಪ್ಪತ್ತು. ಇಡೀ ದಿನಕ್ಕೆ ಒಂದೇ ಹೊತ್ತಿನ ಊಟ, ಅದೂ ಸಂಜೆ ದೀಪ ಹಚ್ಚಿ ಶಿವಪೂಜೆ ಮುಗಿದ ಮೇಲೆ.

“ಹಂಗಿದ್ಮೇಲೆ ಸೋಮವಾರ ಮಧ್ಯಾಹ್ನ ಅವನು ಪಾಯಸ ಎಲ್ಲಿಂದ ತಿಂದಾನು? ಬಡಿಸಿದೆ ಅಂತ ಹೇಳ್ದೋಳು ಸುಳ್ಳಿ. ಅಕ್ಕನೇ ಕೊಂದಿದ್ದು. ಬೆಳಿಗ್ಗೆ ದಿನಾ ಕಷಾಯ ಕೊಡ್ತಿರ್ಲಿಲ್ವಾ, ಅದರಲ್ಲಿ. ಔಷಧಿಗೆ ಒಪ್ಪತ್ತು ಮುರಿಯಲ್ಲ. ಲಾಯರ ತಲೆಗೆ ಕಟ್ಟೋಕೆ ಊಟದ ಕಥೆ ಕಟ್ಟಿದ್ಲು.”

ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಎಂಥ ತಲೆ ಆ ಬರೆದವರದು ಎಂದುಕೊಂಡೆ. ಆವತ್ತಿನಿಂದ ಆ ಕಾದಂಬರಿಯ ಮಾತು ಎಲ್ಲಿ ಬಂದರೂ, ಅದರ ಕೊನೆ ಇದೆಯಲ್ಲ, ಅದು ನಮ್ಮಂಥ ಮನೆಯವರಿಗೇ ಅರ್ಥವಾಗುವ ಕೊನೆ ಎಂದು ಮನಸ್ಸಿನಲ್ಲೇ ಹೆಮ್ಮೆಪಡುತ್ತಿದ್ದೆ.

ಈಗ ಅತ್ತೆಗೆ ಎಪ್ಪತ್ತೆಂಟು. ಮಾವನವರು ಹೋಗಿ ಹನ್ನೊಂದು ವರ್ಷ. ವಿಜಯನಗರದ ಈ ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಮಹಡಿ ಹತ್ತಿ ಚಾಮುಂಡಿ ಬೆಟ್ಟಕ್ಕೆ ಕೈಮುಗಿಯುವುದು ಅವರ ಅಭ್ಯಾಸ. ಒಂದೂವರೆ ವರ್ಷದಿಂದ ಬೆಟ್ಟ ಮಂಜಾಗುತ್ತಾ ಬಂದು, ಕೊನೆಗೆ ಅದು ಇರುವ ದಿಕ್ಕು ಮಾತ್ರ ಉಳಿಯಿತು. ಪುಸ್ತಕ ಹೋಯಿತು, ಟಿವಿ ಹೋಯಿತು. ಆಪರೇಷನ್ ಎಂದರೆ ಕೈಯಾಡಿಸಿಬಿಡುತ್ತಿದ್ದರು. ಈ ಸಿನಿಮಾ ಬರುತ್ತದೆ ಎಂದು ಮಗಳು ಸುದ್ದಿ ತಂದ ದಿನ ತಾವಾಗಿಯೇ, “ಒಂದು ಕಣ್ಣು ಮಾಡಿಸಿ. ಒಂದೇ ಸಾಕು, ಈ ವಯಸ್ಸಿಗೆ ಎರಡು ಯಾಕೆ,” ಎಂದರು. ಬೆಟ್ಟದ ಅಮ್ಮನ ಕೃಪೆ ಯಾವ ದಾರಿಯಲ್ಲಿ ಬರುತ್ತದೋ ಹೇಳಲಾಗದು. ನಮಗೆ ಅದು ಸಿನಿಮಾ ಪೋಸ್ಟರಿನ ದಾರಿಯಲ್ಲಿ ಬಂತು.

ಆದರೆ ಸಿನಿಮಾ ನಮ್ಮನ್ನು ಕಾಯುವ ಹಾಗಿರಲಿಲ್ಲ. ಶುಕ್ರವಾರ ನಾಲ್ಕು ಆಟ ಇದ್ದದ್ದು ಭಾನುವಾರಕ್ಕೆ ಎರಡಾಯಿತು, ಸೋಮವಾರಕ್ಕೆ ಒಂದಾಯಿತು. ಗುರುವಾರದ ಆಟ ಮುಗಿದರೆ ಎತ್ತಂಗಡಿ ಎಂದು ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. ಡಾಕ್ಟರು ಕಣ್ಣು ನೋಡಿ ಹೊರಗೆ ಹೋಗಲು ಅಪ್ಪಣೆ ಕೊಡುವುದು ಬುಧವಾರ. ಮಧ್ಯೆ ನಮಗೆ ಉಳಿದದ್ದು ಒಂದೇ ಆಟ, ಗುರುವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿನದು. ಜನ ತೀರಾ ಕಡಿಮೆಯಾದರೆ ಅದನ್ನೂ ಹಾಕದೆ ಇರಬಹುದಂತೆ.

ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕಿದ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಅಮ್ಮನಿಗೆ ಒಪ್ಪಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಬಟ್ಟೆ ಒಣಗಿತು, ಇಂಥವೇ. ಆ ವಾರ ನಾನು ಒಪ್ಪಿಸುವುದು ಬಿಟ್ಟು ಬೇಡುವುದಕ್ಕೇ ನಿಂತೆ. ತಾಯಿ, ಗುರುವಾರದವರೆಗೆ ಆ ಸಿನಿಮಾ ಎತ್ತಿಸಬೇಡ. ಹೀಗೆ ಬೇಡಿಕೊಂಡದ್ದು ಆ ಸಿನಿಮಾ ತೆಗೆದವರ ಮನೆಯವರು ಬಿಟ್ಟರೆ ನಾನೊಬ್ಬಳೇ ಇರಬೇಕು.

ನಮ್ಮ ಯಜಮಾನರಿಗೆ ಈ ಗಡಿಬಿಡಿ ಹಿಡಿಸಲಿಲ್ಲ. “ಇನ್ನೆರಡು ತಿಂಗಳಿಗೆ ಟಿವಿಗೇ ಬರುತ್ತಲ್ಲಮ್ಮ. ಆಮೇಲೆ ಆರಾಮಾಗಿ ನೋಡಿ,” ಎಂದರು.

“ಆಮೇಲೆ ಅನ್ನೋದೆಲ್ಲ ನಿನ್ನ ವಯಸ್ಸಿನೋರಿಗೆ ಕಣಪ್ಪ,” ಎಂದರು ಅತ್ತೆ.

ಬುಧವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಗೋಡೆಯ ಅಕ್ಷರ ಓದಿಸಿದರು. ಅತ್ತೆ ಕೆಳಗಿನಿಂದ ಎರಡನೆಯ ಸಾಲಿನವರೆಗೂ ತಡವರಿಸದೆ ಓದಿದರು. ಓದಿ ಮುಗಿಸಿದ ಉಸಿರಿನಲ್ಲೇ, “ನಾಳೆ ಸಿನಿಮಾಗೆ ಹೋಗ್ಬೋದಾ?” ಎಂದು ಕೇಳಿದರು.

“ಯಾವ ಸಿನಿಮಾ ಅಜ್ಜಿ?”

ಅತ್ತೆ ಹೆಸರು ಹೇಳಿದರು.

“ಅಯ್ಯೋ ಅದಾ. ಚೆನ್ನಾಗಿಲ್ವಂತಲ್ಲ.”

“ನನ್ನ ಕಣ್ಣಿಗೆ ಏನಾದ್ರೂ ತೊಂದರೇನಾ ಅಂತ ಕೇಳ್ದೆ ಕಣಮ್ಮ. ಸಿನಿಮಾಗೆ ಏನು ತೊಂದರೆ ಅಂತ ಕೇಳ್ಲಿಲ್ಲ.”

ಡಾಕ್ಟರಮ್ಮ ನಕ್ಕುಬಿಟ್ಟರು. ಹೋಗಬಹುದು, ಕಣ್ಣು ಉಜ್ಜಬಾರದು, ಹನ್ನೆರಡು ಗಂಟೆಯ ಔಷಧಿ ತಪ್ಪಿಸಬಾರದು, ಹನಿ ಬಿಟ್ಟ ಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನದ ಹಾಗೆ ಆಗಿತ್ತು.

ಆ ಸಂಜೆ ದೇವರ ಮನೆಯಲ್ಲಿ ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಅತ್ತೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದರು. ಎದುರಿಗೆ ಚಾಮುಂಡೇಶ್ವರಿಯ ದೊಡ್ಡ ಪಟ. ಆ ಪಟ ನಾನು ಬರುವುದಕ್ಕೆ ಮುಂಚಿನಿಂದ ಇದೆ. ಬಣ್ಣ ಸ್ವಲ್ಪ ಮಾಸಿದೆ, ಮುಖ ಮಾತ್ರ ಹಾಗೇ ಇದೆ.

“ಒಂದು ವಿಷಯ ಹೇಳ್ಬೇಕು ನಿನಗೆ,” ಎಂದರು ಅತ್ತೆ. “ಆ ಕಥೆ ಕೊನೆ ನನಗೆ ಗೊತ್ತಿಲ್ಲ.”

ನನಗೆ ಅರ್ಥವಾಗಲಿಲ್ಲ. “ಯಾವ ಕಥೆ ಅತ್ತೆ?”

“ನಾಳೆ ಹೋಗ್ತೀವಲ್ಲ, ಅದರದ್ದು. ನಿನಗೆ ಹೇಳ್ದೆನಲ್ಲ ಅಕ್ಕ ಕೊಂದ್ಲು ಅಂತ, ಅದು ನಾನು ಹಾಕಿದ್ದ ಲೆಕ್ಕ. ಬರೆದೋನು ಏನು ಬರೆದವ್ನೋ ಆ ತಾಯಿಗೇ ಗೊತ್ತು.”

“ಹಾಗಾದ್ರೆ ಕೊನೆ ಕಂತು?”

ಅವರು ಪಟದ ಕಡೆ ಬೆರಳು ತೋರಿಸಿದರು. “ಅಲ್ಲಿದೆ. ಅಮ್ಮನ ಹಿಂದೆ.”

ನಡೆದದ್ದು ಇದು. ಕೊನೆಯ ಕಂತು ಬಂದದ್ದು ದಸರಾ ವಿಶೇಷ ಸಂಚಿಕೆಯಲ್ಲಿ. ಅತ್ತೆ ಆಗ ತಂಗಿಯ ಬಾಣಂತನಕ್ಕೆಂದು ಹದಿನೈದು ದಿನ ಊರಿಗೆ ಹೋಗಿದ್ದರು. ಆ ಸಂಚಿಕೆಯ ನಡುವೆ ಅಮ್ಮನವರ ಬಣ್ಣದ ಚಿತ್ರ ಬಂದಿತ್ತು. ಮಾವನವರು ಅದನ್ನು ಜೋಪಾನವಾಗಿ ಬಿಡಿಸಿ, ಹಲಗೆಗೆ ಅಂಟಿಸಿ, ಕಟ್ಟು ಹಾಕಿಸಿ, ವಿಜಯದಶಮಿಯ ದಿನ ಪೂಜೆ ಮಾಡಿ ಗೋಡೆಗೆ ಹಾಕಿಬಿಟ್ಟರು. ಉಳಿದ ಪತ್ರಿಕೆ ಹಳೇ ಪೇಪರಿನವನಿಗೆ ಹೋಯಿತು. ಅತ್ತೆ ಊರಿಂದ ಬಂದು, ಕೊನೆ ಕಂತು ಎಲ್ಲಿ ಎಂದರೆ, ಚಿತ್ರದ ಬೆನ್ನಿಗೆ ಅಚ್ಚಾಗಿದ್ದದ್ದೇ ಅದು.

“ತೆಗೆಸಬಹುದಿತ್ತಲ್ಲ ಅತ್ತೆ?”

“ಪೂಜೆ ಆಗಿರೋ ಪಟ ಕಣೇ. ಅಮ್ಮನ ಬೆನ್ನು ಬಿಚ್ಚಿ ನೋಡೋಕಾಗುತ್ತಾ, ಅದೂ ಕೊಲೆಗಾರ ಯಾರು ಅಂತ?”

“ಪಕ್ಕದ ಮನೆಯವರನ್ನಾದರೂ ಕೇಳಬಹುದಿತ್ತು.”

“ಕೇಳ್ದೆ. ಆಕೆ ಹೇಳೋಕೆ ಬಾಯಿ ತೆಗೆದ್ಲು. ನಾನೇ ಕಿವಿ ಮುಚ್ಕೊಂಡು ಒಳಕ್ಕೆ ಬಂದ್ಬುಟ್ಟೆ.” ಅತ್ತೆ ಪಟದ ಕಡೆಯೇ ನೋಡಿದರು. “ನನ್ನ ಲೆಕ್ಕ ತಪ್ಪಾಗಿದ್ರೆ ಅಂತ ಭಯ ಆಯ್ತು. ನಾನು ಓದಿದ್ದು ಬರೀ ನಾಲ್ಕನೇ ಕ್ಲಾಸು. ಒಂದು ಸಲನಾದ್ರೂ ಬರೆದೋರಷ್ಟು ಬುದ್ಧಿ ನನಗೂ ಇದೆ ಅಂತ ಅನ್ನಿಸಿತ್ತು. ಆಮೇಲೆ ನೀನು ಬಂದೆ, ನಿನಗೂ ಹಂಗೇ ಹೇಳ್ಬುಟ್ಟೆ. ನೀನು ಬಾಯಿ ಬಿಟ್ಕೊಂಡು ಕೇಳ್ದೆ. ಅದೇ ಸಂತೋಷಕ್ಕೆ ಇಷ್ಟು ವರ್ಷ ಯಾರನ್ನೂ ಕೇಳ್ಲಿಲ್ಲ. ಈಗ ಒಂದೂವರೆ ವರ್ಷ ಕಣ್ಣು ಕಾಣದೆ ಕೂತಿದ್ನಲ್ಲ, ಆಗ ಇದೇ ಕೊರೆಯೋದು. ಸರಿಯೋ ತಪ್ಪೋ ತಿಳ್ಕೊಂಡ್ಬುಡ್ಬೇಕು.”

ಇಪ್ಪತ್ತೆಂಟು ವರ್ಷ ನಾನು ದಿನಾ ಎರಡು ಹೊತ್ತು ಆ ಪಟಕ್ಕೆ ಕುಂಕುಮ ಇಟ್ಟಿದ್ದೇನೆ. ಕೊಲೆಗಾರನ ಹೆಸರಿಗೂ ಜೊತೆಯಲ್ಲೇ ಊದುಬತ್ತಿ ಬೆಳಗುತ್ತಿದ್ದೆ ಎಂದು ಆವತ್ತು ತಿಳಿಯಿತು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆಯೂ ನಕ್ಕರು. ಆದರೆ ಅವರ ಕೈ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ನೋಡಿ ನನ್ನ ನಗು ನಿಂತಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಅಡುಗೆ ಮುಗಿಸಿ, ಅತ್ತೆಗೆ ರೇಷ್ಮೆ ಅಂಚಿನ ಸೀರೆ ಉಡಿಸಿ, ಕಣ್ಣಿನ ಔಷಧಿಯ ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಕೆಳಗೆ ನಾಲ್ಕು ಕೋಡುಬಳೆ. ಒಳಗೆ ತಿಂಡಿ ಬಿಡುವುದಿಲ್ಲ ಎಂದು ಮಗಳು ಹೇಳಿದ್ದಳು. ಥಿಯೇಟರಿನ ಬಾಗಿಲಲ್ಲಿ ಬ್ಯಾಗು ನೋಡಿದ ಹುಡುಗಿಗೆ ಮೇಲೆಯೇ ವಿಭೂತಿ ಗಟ್ಟಿ, ಔಷಧಿ ಸೀಸೆ, ಆಸ್ಪತ್ರೆ ಚೀಟಿ ಕಂಡವು. ಅವಳು ಕೈ ಹಾಕದೆ “ಹೋಗಿ ಅಮ್ಮ” ಎಂದಳು. ಆ ದಿನದ ಮೊದಲ ಕೃಪೆ.

ಎರಡನೆಯದು, ನಮ್ಮನ್ನು ಸೇರಿಸಿ ಹನ್ನೊಂದು ಜನ ಇದ್ದರು. ಆಟ ಶುರುವಾಯಿತು.

ನಾನು ಸುಳ್ಳು ಹೇಳುವವಳಲ್ಲ. ಆ ಸಿನಿಮಾದ ಮೇಲೆ ಬರೆದವರು ಹೇಳಿದ್ದರಲ್ಲಿ ಬಹಳಷ್ಟು ನಿಜ. ಹೊರಗೆ ಧೋ ಎಂದು ಮಳೆ, ಒಳಗೆ ಬಂದ ಪತ್ತೇದಾರನ ಛತ್ರಿಯಲ್ಲಿ ಒಂದು ಹನಿ ಇಲ್ಲ. ಸೂತಕದ ಮನೆಯ ತಮ್ಮನ ಹೆಂಡತಿ ಇದ್ದಕ್ಕಿದ್ದ ಹಾಗೆ ಹಿಮದ ಬೆಟ್ಟದಲ್ಲಿ ಕುಣಿದು ಮತ್ತೆ ಅದೇ ಸೂತಕದ ಮನೆಗೆ ಬಂದಳು. ಯಾರಾದರೂ ಬಾಗಿಲು ತೆಗೆದರೆ ಕಿವಿ ಒಡೆಯುವ ಹಾಗೆ ಸಂಗೀತ. ಬಾಗಿಲಾಚೆ ಹಾಲಿನವನು.

“ಹಾಲು ಹಾಕೋಕೆ ಇಷ್ಟು ಗಲಾಟೇನಾ,” ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಮುಂದಿನ ಸಾಲಿನ ಇಬ್ಬರು ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು.

ಆದರೆ ನನಗೆ ಒಂದು ನಿಮಿಷವೂ ಬೇಸರವಾಗಲಿಲ್ಲ. ಪತ್ತೇದಾರ ಬಾಗಿಲಲ್ಲಿ ಬಗ್ಗಿ ಚಪ್ಪಲಿ ನೋಡಿದಾಗ, ಟ್ರಂಕಿನ ನುಸಿಗುಳಿಗೆ ವಾಸನೆ ಆ ತಂಪು ಕೋಣೆಯಲ್ಲಿ ನನ್ನ ಮೂಗಿಗೆ ಬಂತು. ನಾನು ಮಧ್ಯಾಹ್ನಗಳಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ತೊಟ್ಟಿಮನೆ ಇದಲ್ಲ, ನನ್ನದು ಇನ್ನೂ ದೊಡ್ಡದು. ಅಕ್ಕನಾಗಿ ಬಂದವಳು ಮಾತ್ರ ಸರಿಯಾಗಿದ್ದಳು, ಅವಳ ತುಟಿ ಕಚ್ಚುವ ರೀತಿ ಸಹ. ಪಕ್ಕದಲ್ಲಿ ಅತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತಾ, “ಎಷ್ಟು ಚೆನ್ನಾಗಿ ಕಾಣುತ್ತೆ. ಅವಳ ಸೀರೆ ಪಿನ್ನೂ ಕಾಣುತ್ತೆ,” ಎನ್ನುತ್ತಿದ್ದರು.

ಇಂಟರ್‌ವಲ್ ಬಿಟ್ಟಾಗ ಸರಿಯಾಗಿ ಹನ್ನೆರಡು. ಅತ್ತೆಯ ತಲೆಯನ್ನು ಸೀಟಿಗೆ ಒರಗಿಸಿ ಒಂದು ಹನಿ ಬಿಟ್ಟೆ. ಐದು ನಿಮಿಷ ಕಣ್ಣು ಮುಚ್ಚಬೇಕು. ನಾನು ಗಡಿಯಾರ ನೋಡುತ್ತಾ ನಿಂತೆ. ಮೂರು ನಿಮಿಷಕ್ಕೇ ದೀಪ ಆರಿತು.

“ಶುರುವಾಯ್ತಾ?”

“ಇನ್ನೂ ಜಾಹೀರಾತು ಅತ್ತೆ. ಮುಚ್ಚಿಕೊಂಡಿರಿ.”

“ಅಕ್ಕ ಬಂದ್ರೆ ಹೇಳು. ತೆಗೆದ್ಬುಡ್ತೀನಿ.”

ಚಿನ್ನದಂಗಡಿ, ಸಿಮೆಂಟು, ಸಿಗರೇಟು ಸೇದಬೇಡಿ. ಆ ಜಾಹೀರಾತುಗಳಿಗೆ ನಾನು ಜನ್ಮದಲ್ಲಿ ಮೊದಲ ಬಾರಿಗೆ ಉಪಕಾರ ನೆನೆದೆ. ಐದು ನಿಮಿಷ ತುಂಬಿತು, ಅತ್ತೆ ಕಣ್ಣು ಬಿಟ್ಟರು, ಸಿನಿಮಾ ಶುರುವಾಯಿತು.

ಕೊನೆಗೆ ಎಲ್ಲರನ್ನೂ ತೊಟ್ಟಿಯ ಸುತ್ತ ಕೂರಿಸಿದರು. ಲಾಯರು ಬೆವರುತ್ತಿದ್ದಾನೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಪತ್ತೇದಾರ ಪಾಯಸದ ಬಟ್ಟಲು ಹಿಡಿದು ಲಾಯರ ಮುಂದೆಯೇ ನಿಂತ. ಅತ್ತೆಯ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಳೆ ಒತ್ತುವಷ್ಟು ಬಿಗಿಯಾಗಿ. ನಾನು ಮನಸ್ಸಿನಲ್ಲೇ, ತಾಯಿ, ಈ ಮುದುಕಿಯ ಮಾತು ಉಳಿಸು, ನಿನ್ನ ಬೆನ್ನಲ್ಲಿ ಏನಿದೆಯೋ ನಿನಗೆ ಗೊತ್ತು, ಎಂದೆ.

ಪತ್ತೇದಾರ ಬಟ್ಟಲು ಕೆಳಗಿಟ್ಟು, ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಕೇಳಿದ, “ಆವತ್ತು ಯಾವ ವಾರ?”

“ಸೋಮವಾರ,” ಎಂದರು ಅತ್ತೆ.

ತೆರೆಯ ಮೇಲೆ ಯಾರೂ ಇನ್ನೂ ಬಾಯಿ ತೆಗೆದಿರಲಿಲ್ಲ. ಕಾಲೇಜು ಹುಡುಗಿಯರು ತಿರುಗಿ ನೋಡಿದರು. ಆಮೇಲೆ ಅಕ್ಕ ಮೆಲ್ಲಗೆ “ಸೋಮವಾರ” ಎಂದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಹೊಳೆದು ಮುಖ ಬಿಳಿಚಿಕೊಂಡಿತು.

“ಒಪ್ಪತ್ತು,” ಎಂದೆ ನಾನೂ. ತಡೆಯಲಾಗಲಿಲ್ಲ.

ಕಷಾಯದ ಲೋಟವೂ ಬಂತು. ಎಲ್ಲವೂ ದಂಟಿನ ಸೊಪ್ಪಿನ ಮುಂದೆ ನಾನು ಕೇಳಿದ ಹಾಗೆಯೇ, ಒಂದು ಮಾತೂ ಆಚೆ ಈಚೆ ಇಲ್ಲದೆ. ನನಗೆ ಎದ್ದು ನಿಂತು ಕೂಗಬೇಕೆನ್ನಿಸಿತು. ಅತ್ತೆ ಮಾತ್ರ ಸದ್ದಿಲ್ಲದೆ ತೆರೆಗೆ ಕೈಮುಗಿದರು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

“ಉಜ್ಜಬೇಡಿ ಅತ್ತೆ.”

“ಉಜ್ಜಲ್ಲ. ಅದರ ಪಾಡಿಗೆ ಅದು ಇಳೀಲಿ ಬುಡು.”

ಆಟೋದಲ್ಲಿ ಕೋಡುಬಳೆ ತಿನ್ನುತ್ತಾ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಿದರು. ಆಟೋದವರು ಕನ್ನಡಿಯಲ್ಲಿ ನೋಡುತ್ತಾ, “ಅಷ್ಟು ಚೆನ್ನಾಗಿದ್ಯಾ ಸಿನಿಮಾ?” ಎಂದು ಕೇಳಿದರು. “ಕೆಟ್ಟದಾಗಿದೆ ಕಣಪ್ಪ. ಆದ್ರೆ ಸರಿಯಾಗಿದೆ,” ಎಂದರು ಅತ್ತೆ.

ಅತ್ತೆ ಮಲಗಿದ ಮೇಲೆ ನಾನು ಮಗಳಿಗೆ ಕೊನೆಯನ್ನು ವಿವರಿಸಿದೆ. ಅವಳು ಚಪಾತಿ ಮುರಿಯುವುದನ್ನು ನಿಲ್ಲಿಸಿದಳು.

“ಅಮ್ಮ, ಅದನ್ನೇ ಎಲ್ಲರೂ ಬೈದಿರೋದು. ಕಾದಂಬರೀಲಿ ಲಾಯರ್ ಅಂತೆ. ಪಾಯಸದಲ್ಲೇ ವಿಷ. ಸಿನಿಮಾದವರು ಕೊನೆ ಬದಲಾಯಿಸಿ ಕುಲಗೆಡಿಸಿದ್ದಾರೆ ಅಂತ. ಭಾನುವಾರ ನಾನು ಅದನ್ನೇ ಓದೋಕೆ ಹೊರಟಿದ್ದು.”

ಅತ್ತೆಗೆ ಹೇಳುವುದೋ ಬೇಡವೋ? ಶುಕ್ರವಾರ ಇಡೀ ದಿನ ಅವರು ಪಕ್ಕದ ಮನೆಯವರಿಗೆ, ಹೂ ತರುವವಳಿಗೆ, ಫೋನಿನಲ್ಲಿ ತಂಗಿಗೆ, ತಮ್ಮ ಲೆಕ್ಕ ಸರಿಯಾದದ್ದನ್ನು ಹೇಳಿದರು. ನಾನು ಸುಮ್ಮನಿದ್ದೆ. ಸಂಜೆ ದೀಪ ಹಚ್ಚಿ ಆ ದಿನದ ಒಳ್ಳೆಯದನ್ನು ಒಪ್ಪಿಸಲು ನಿಂತರೆ ಬಾಯಿ ಬರಲಿಲ್ಲ. ಸತ್ಯ ಗೊತ್ತಿರುವ ಪಟದ ಎದುರಿಗೆ ಸುಳ್ಳು ಹೊಟ್ಟೆಯಲ್ಲಿಟ್ಟುಕೊಂಡು ನಿಲ್ಲುವುದು ಹೇಗೆ? ಶನಿವಾರ ಬೆಳಿಗ್ಗೆ ಕಾಫಿ ಕೊಟ್ಟು ಹೇಳಿಬಿಟ್ಟೆ.

ಅತ್ತೆ ಲೋಟ ಕೆಳಗಿಟ್ಟರು. “ಲಾಯರಾ?”

“ಹೂಂ ಅತ್ತೆ.”

“ಮಧ್ಯಾಹ್ನದ ಪಾಯಸದಲ್ಲಾ?”

“ಹೂಂ.”

ಹೊರಗೆ ಗುಜರಿಯವನು ಕೂಗಿಕೊಂಡು ಹೋದ. ಯಜಮಾನರು ಪೇಪರಿನಿಂದ ತಲೆಯೆತ್ತಿ, “ಅನುಮಾನ ಇದ್ರೆ ಪಟ ಬಿಚ್ಚಿ ನೋಡೋಣ ಬಿಡಮ್ಮ,” ಎಂದರು. ಅತ್ತೆ ನೋಡಿದ ನೋಟಕ್ಕೆ ಪೇಪರು ಮತ್ತೆ ಮೇಲಕ್ಕೆ ಹೋಯಿತು.

“ಪುಸ್ತಕ ತಂದುಕೊಡು,” ಎಂದರು ನನಗೆ. “ಅಂಗಡೀಲಿ ಈಗ ಇರುತ್ತಲ್ಲ. ನನ್ನ ಕಣ್ಣಲ್ಲೇ ಓದ್ತೀನಿ.”

ಸಿನಿಮಾದ ದೆಸೆಯಿಂದ ಪುಸ್ತಕ ಹೊಸದಾಗಿ ಅಚ್ಚಾಗಿ ಬಂದಿತ್ತು. ಮಗಳು ತಂದುಕೊಟ್ಟಳು. ಅತ್ತೆ ಕೊನೆ ತೆರೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಮೊದಲ ಪುಟದಿಂದ ಹಿಡಿದರು. ಕಿಟಕಿಯ ಬೆಳಕಿನಲ್ಲಿ, ದಿನಕ್ಕೆ ಅರ್ಧ ಗಂಟೆ, ಡಾಕ್ಟರು ಹೇಳಿದಷ್ಟೇ. ಈಗ ಸಂಜೆ ಕೇಳುವ ಸರದಿ ನನ್ನದು. “ಎಲ್ಲಿಗೆ ಬಂದಿರಿ ಅತ್ತೆ?” ಅವರು “ಹೂಂ, ಹೂಂ” ಎನ್ನುತ್ತಿದ್ದರು. ಮೂರನೆಯ ಅಧ್ಯಾಯ ಓದಿದ ದಿನ ಮಾತ್ರ ಅಡುಗೆಮನೆಯವರೆಗೆ ಬಂದು, “ಇದೆ. ಒಪ್ಪತ್ತು ಹಂಗೇ ಇದೆ,” ಎಂದು ಹೇಳಿ ಹೋದರು.

ಹಲವು ದಿನಗಳ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ನನ್ನನ್ನು ಕರೆದರು. ಅವರಿಗೂ ನನಗೂ ಹೊಟ್ಟೆ ಖಾಲಿ. ಕೊನೆಯ ಪುಟ ಮುಗಿದಿತ್ತು. ಸಪ್ಪೆ ಮುಖ ನಿರೀಕ್ಷಿಸಿ ಹೋದ ನನಗೆ ಕಂಡದ್ದು ಬೇರೆ. ಅವರು ಶಾಲೆಯ ಮಕ್ಕಳ ಪುಸ್ತಕ ತಿದ್ದುವ ಮೇಷ್ಟರ ಹಾಗೆ ಕೂತಿದ್ದರು.

“ಬರೆದೋನು ಮರೆತ್ಬುಟ್ಟವ್ನೆ ಕಣಮ್ಮ. ತಾನೇ ಮೂರನೇದರಲ್ಲಿ ಒಪ್ಪತ್ತು ಅಂತ ಬರೆದು, ಕೊನೇಲಿ ತಾನೇ ಪಾಯಸ ಉಣ್ಣಿಸವ್ನೆ. ಪಾಪ, ವಾರವಾರ ಬರೆಯೋನು, ಏನು ಮಾಡ್ತಾನೆ. ಅವರ ಮನೇಲಿ ಓದಿ ಹೇಳೋರು ಇರ್ಲಿಲ್ವೇನೋ.”

ಆ ಸಿನಿಮಾ ತೆಗೆದವರ ಮನೆಯಲ್ಲಿ ಯಾರೋ ಇದ್ದಾರೆ ಎಂದುಕೊಂಡೆ. ಸೋಮವಾರ ಒಪ್ಪತ್ತು ಇರುವ ಒಬ್ಬ ತಾಯಿ, ಇಲ್ಲವೆ ಅತ್ತೆ. ನಕ್ಷತ್ರ ಕೊಡುವವರಿಗೆ ಅದು ಹೇಗೆ ಗೊತ್ತಾಗಬೇಕು?

ಅತ್ತೆ ಪೆನ್ಸಿಲ್ ಕೇಳಿದರು. ಒಂದೂವರೆ ವರ್ಷದಿಂದ ಅವರ ಕೈಯಲ್ಲಿ ಒಂದು ಅಕ್ಷರ ಬಂದಿರಲಿಲ್ಲ, ಬ್ಯಾಂಕಿನ ಚೀಟಿಗೂ ಹೆಬ್ಬೆಟ್ಟೊತ್ತುತ್ತಿದ್ದರು. ಕೊನೆಯ ಪುಟದಲ್ಲಿ ಪಾಯಸದ ಸಾಲಿಗೆ 'ಇಂಟು' ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದರು: ‘ಆವತ್ತು ಸೋಮವಾರ. ಒಪ್ಪತ್ತು.’ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

“ಅಕ್ಷರ ನೆಟ್ಟಗಿದೆಯಾ ನೋಡು.”

“ಸ್ವಲ್ಪ ಓರೆಯಾಗಿದೆ ಅತ್ತೆ. ಮಾತು ನೆಟ್ಟಗಿದೆ.”

ಅವರು ಪುಟವನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಎಡಗಣ್ಣು ಮುಚ್ಚಿ ತೆಗೆದು ನೋಡಿದರು. ಆಮೇಲೆ ಪೆನ್ಸಿಲನ್ನು ನನಗೆ ಕೊಡದೆ ಪುಸ್ತಕದ ನಡುವೆ ಸಿಕ್ಕಿಸಿಕೊಂಡರು.

“ಆ ಡಾಕ್ಟರಮ್ಮಂಗೆ ಫೋನ್ ಮಾಡು,” ಎಂದರು. “ಎಡಗಣ್ಣಿಗೂ ಒಂದು ದಿನ ಕೊಡ್ಲಿ.”